ಹಳೆಯ ಪೇಟಿಯ ಬೆಲೆ ಬಲ್ಲವರು ಯಾರು?

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಕಳೆದ ವರ್ಷ ಒಂದು ಹಳೆಯ ಸಿಂಥಸೈಜರ್ ಮಾರಿದ. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ತಯಾರಾದ ಅನಲಾಗ್ ವಾದ್ಯ ಅದು. ಒಂದು ಕಾಲಕ್ಕೆ ವಾದ್ಯಗೋಷ್ಠಿಯೊಂದರ ಜೊತೆ ಊರೂರು ತಿರುಗಿ, ಆಮೇಲೆ ಯಾರದೋ ಮನೆಯ ಅಟ್ಟ ಸೇರಿತ್ತು. ಸ್ವರ ಹೊರಡದ ಸ್ಥಿತಿಯಲ್ಲಿ ಅದನ್ನು ಕೊಂಡಿದ್ದ ಅವನು ಎರಡು ವರ್ಷಗಳ ಬಿಡುವಿನ ವೇಳೆಯನ್ನೆಲ್ಲ ಅದರ ದುರಸ್ತಿಗೆ ಸುರಿದಿದ್ದ. ಮಾರುವಾಗ ವಾದ್ಯದೊಡನೆ ನಾಲ್ಕು ಪುಟಗಳ ಒಂದು ಬರಹವನ್ನೂ ಸಿದ್ಧಪಡಿಸಿದ್ದ. ಯಾವ ಬಿಡಿಭಾಗಗಳು ಮೂಲದವು, ಯಾವುವು ಹೊಸವು, ಎಲ್ಲಿ ಬೆಸುಗೆ ಹಾಕಲಾಗಿದೆ, ಮೂಲದಲ್ಲಿ ಇಲ್ಲದ ಯಾವ ಸೌಲಭ್ಯವನ್ನು ಸೇರಿಸಲಾಗಿದೆ ಎಂಬುದೆಲ್ಲ ಅದರಲ್ಲಿತ್ತು. ಕೊನೆಯ ಸಾಲು ಹೀಗಿತ್ತು: ಬೇಸಿಗೆಯಲ್ಲಿ ಅರ್ಧ ಗಂಟೆ ನುಡಿಸಿದ ಮೇಲೆ ಆರು ಧ್ವನಿಗಳಲ್ಲಿ ನಾಲ್ಕನೆಯದು ಸ್ವಲ್ಪ ಇಳಿಯುತ್ತದೆ, ಕಾರಣ ಸಿಕ್ಕಿಲ್ಲ.

‘ಇದನ್ನೇಕೆ ಬರೆದೆ? ಅವರು ಕೇಳಿದರೆ ಹೇಳಿದರಾಯಿತಲ್ಲ’ ಎಂದೆ. ‘ಏನು ಕೇಳಬೇಕು ಅಂತ ಅವರಿಗೆ ಗೊತ್ತಿದ್ದರೆ ತಾನೇ ಮಾಮ, ಕೇಳೋದು?’ ಎಂದ.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಆ ಉತ್ತರ ಚುಚ್ಚಿತು. ಏಕೆಂದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ, ಒಬ್ಬ ಬಡ ಹೆಣ್ಣುಮಗಳಿಗೆ ನಷ್ಟವಾಗಲು ನಾನೂ ಕಾರಣನಾಗಿದ್ದೆ. ಆ ಸಂಗತಿ ನಡೆದದ್ದು 2011ರಲ್ಲಿ, ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ಬಲ್ಲವರಿಗೆ ಅಲ್ಲಿ ಹಾರ್ಮೋನಿಯಂಗೆ ಇರುವ ಸ್ಥಾನವನ್ನು ವಿವರಿಸಬೇಕಿಲ್ಲ. ಅಲ್ಲಿ ಅದರ ಹೆಸರು ಪೇಟಿ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಕವ್ವಾಲಿಗೂ ಅದು ಬೇಕು, ದೇವಲ ಗಾಣಗಾಪುರದ ದತ್ತನ ಭಜನೆಗೂ ಬೇಕು. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು, ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳವು ತತ್ವಪದಕಾರ ಮಡಿವಾಳಪ್ಪನವರ ನೆಲೆ. ಏಕತಾರಿ, ದಮ್ಮಡಿಗಳ ಜೊತೆಗೆ ಅಲ್ಲಿಯ ತತ್ವಪದ ಮೇಳಗಳಲ್ಲಿ ಪೇಟಿಯೂ ಜಾಗ ಪಡೆದಿದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಜಾತ್ರೆಯ ನಾಟಕ. ಸುಗ್ಗಿ ಮುಗಿದ ಮೇಲೆ ಊರ ಹುಡುಗರು ನಾಟಕ ಕಟ್ಟುತ್ತಾರೆ. ಮಾತು, ಹಾಡು, ಹೆಜ್ಜೆ ಎಲ್ಲವನ್ನೂ ಕಲಿಸುವವನು ಪೇಟಿ ಮಾಸ್ತರ. 1974ರಲ್ಲಿ ಚಲನಚಿತ್ರವಾಗಿ ನಾಡಿಗೆಲ್ಲ ಪರಿಚಿತವಾದ ‘ಸಂಪತ್ತಿಗೆ ಸವಾಲ್’ ಮೂಲತಃ ಪಿ.ಬಿ. ಧುತ್ತರಗಿಯವರ ನಾಟಕ. ಅಂಥ ನಾಟಕಗಳು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ತಲುಪಿದ್ದು ಇಂಥ ಮಾಸ್ತರರ ಬೆರಳುಗಳ ಮೂಲಕ ಎಂದರೆ ಅತಿಶಯೋಕ್ತಿಯಲ್ಲ.

ಅಂಥ ಮಾಸ್ತರರೊಬ್ಬರು ತೀರಿಕೊಂಡಿದ್ದರು. 1990ರ ದಶಕದಲ್ಲಿ ನಾನು ಆ ಭಾಗದಲ್ಲಿ ಸೇವೆಯಲ್ಲಿದ್ದಾಗಿನಿಂದ ಅವರ ಪರಿಚಯ. ಸಾಂತ್ವನ ಹೇಳಲು ಹೋದಾಗ ಅಂಗಳದಲ್ಲಿ ಅವರ ಕಾಲು ಹಾರ್ಮೋನಿಯಂ ಇತ್ತು. ಎರಡೂ ಕಾಲಿನಿಂದ ತಿದಿ ಒತ್ತಿ, ಎರಡೂ ಕೈಯಿಂದ ನುಡಿಸುವ ದೊಡ್ಡ ಪೆಟ್ಟಿಗೆ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕಂಪನಿ ನಾಟಕದ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುತ್ತಿದ್ದ ವಾದ್ಯ. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಅದರ ಮುಂದೆ ಕುಳಿತಿದ್ದ. ಮರಕ್ಕೆ ಹುಳು ಹತ್ತಿದೆ, ತಿದಿಯ ಚರ್ಮ ಹರಿದಿದೆ, ಸಾಗಿಸುವ ಖರ್ಚೇ ಹೆಚ್ಚು ಎಂದೆಲ್ಲ ದೋಷಗಳನ್ನು ಎಣಿಸುತ್ತಿದ್ದ. ಆದರೆ ಮುಚ್ಚಳ ತೆಗೆದು ಬ್ಯಾಟರಿ ಹಿಡಿದು ಅವನು ಬಹಳ ಹೊತ್ತು ನೋಡಿದ್ದು ಮರವನ್ನಲ್ಲ, ಒಳಗಿನ ಹಿತ್ತಾಳೆಯ ರೀಡುಗಳನ್ನು. ಒಂದನ್ನು ಹೊರತೆಗೆದು ಪಕ್ಕಕ್ಕಿಟ್ಟಿದ್ದ. ನಾನು ಕುತೂಹಲದಿಂದ ಕೈಗೆತ್ತಿಕೊಂಡು ಅದರ ಮೇಲೆ ಒತ್ತಿದ್ದ ಅಕ್ಷರಗಳನ್ನು ಗಟ್ಟಿಯಾಗಿ ಓದಿದೆ: ಜುಬಿಲೇಟ್. ಹಾಗೆಂದರೇನೆಂದು ನನಗೂ ಗೊತ್ತಿರಲಿಲ್ಲ, ಮಾಸ್ತರರ ಹೆಂಡತಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಸುಮ್ಮನಿದ್ದ.

ಅವನು ಹೇಳಿದ ಬೆಲೆ ಮೂರೂವರೆ ಸಾವಿರ ರೂಪಾಯಿ. ‘ಏನ್ ಮಾಡ್ಲಿ ಹೇಳ್ರಿ ಸಾಹೇಬ್ರ? ಮಳಿಗಾಲ ಬಂತಂದ್ರ ಇದನ್ನ ಎತ್ತಿಡೂದೇ ಒಂದು ಕೆಲಸ ಆಗೇದ’ ಎಂದು ಆಕೆ ಕೇಳಿದರು. ‘ಬಂದ ಬೆಲೆಗೆ ಕೊಟ್ಟುಬಿಡಿ ಅವ್ವಾ, ಇಟ್ಟಲ್ಲೇ ಕೆಡುವ ವಸ್ತು’ ಎಂದೆ. ಆಕೆ ಕೊಟ್ಟುಬಿಟ್ಟರು. ಕೊಳ್ಳುವವನೂ ಮಾರುವವನೂ ಸ್ವಇಚ್ಛೆಯಿಂದ ಒಪ್ಪಿದ ಬೆಲೆಯೇ ಸರಿಯಾದ ಬೆಲೆ ಎಂಬ ಪಾಠವನ್ನು ನಾನು ತರಗತಿಯಲ್ಲಿ ಕಲಿತಿದ್ದೆ; ಅಂದು ಅದನ್ನೇ ಒಪ್ಪಿಸಿದೆ.

ಅಳಿಯನ ಮಾತು ಕೇಳಿದ ಮೇಲೆ ಸೊಲ್ಲಾಪುರದ ಹಿರಿಯ ಪೇಟಿ ದುರಸ್ತಿಗಾರರೊಬ್ಬರನ್ನು ಕಂಡು ಆ ಹೆಸರಿನ ಬಗ್ಗೆ ವಿಚಾರಿಸಿದೆ. ಅದು ಜರ್ಮನಿಯಿಂದ ಬರುತ್ತಿದ್ದ ರೀಡುಗಳ ಹೆಸರು. ಅವುಗಳ ನಾದಕ್ಕೂ ಬಾಳಿಕೆಗೂ ಇಂದಿಗೂ ನುಡಿಸುವವರು ಹುಡುಕಿಕೊಂಡು ಬರುತ್ತಾರೆ, ಹಳೆಯ ಪೆಟ್ಟಿಗೆಗಳಿಂದ ಕಿತ್ತು ಹೊಸ ಪೆಟ್ಟಿಗೆಗಳಿಗೆ ಹಾಕಿಸಿಕೊಳ್ಳುತ್ತಾರೆ. ‘ಪೂರ್ತಿ ಜೋಡಿ ಇತ್ತೇನು?’ ಎಂದು ಅವರು ಕೇಳಿದರು. ಇತ್ತು ಎಂದೆ. ಮೂರೂವರೆ ಸಾವಿರಕ್ಕೆ ಹೋಯಿತು ಎಂದಾಗ ಅವರು ಏನೂ ಹೇಳದೆ ಕೈಲಿದ್ದ ಕಾನಸನ್ನು ಕೆಳಗಿಟ್ಟರು. ಆ ರೀಡುಗಳಿಗೇ ಅದರ ಹಲವು ಪಟ್ಟು ಬೆಲೆ ಬರುತ್ತಿತ್ತು.

ಈ ಎರಡು ಮಾರಾಟಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ಈ ಲೇಖನದ ಉದ್ದೇಶ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. 2001ರಲ್ಲಿ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ ನೊಬೆಲ್ ಪುರಸ್ಕಾರ ಬಂದದ್ದು ಇದೇ ಬಗೆಯ ಚಿಂತನೆಗೆ. ಅವರ ವಾದ ಸರಳ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಎಲ್ಲ ಕಾರುಗಳನ್ನೂ ಅನುಮಾನಿಸಿ ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ಮಾರುಕಟ್ಟೆಗೆ ಬರುವುದು ಕೆಟ್ಟ ಕಾರುಗಳು ಮಾತ್ರ. ಕ್ರಮೇಣ ಮಾರುಕಟ್ಟೆಯೇ ಕುಸಿಯುತ್ತದೆ. ಮೋಸ ಮಾಡುವವನಿಂದ ಆಗುವ ನಷ್ಟ ಮೋಸಹೋದವನಿಗಷ್ಟೇ ಅಲ್ಲ, ಪ್ರಾಮಾಣಿಕ ಮಾರಾಟಗಾರನಿಗೂ ತಟ್ಟುತ್ತದೆ ಎಂಬುದು ಅದರ ತಾತ್ಪರ್ಯ.

ಬೆಂಗಳೂರಿನ ಸಿಂಥಸೈಜರ್ ಮಾರಾಟ ಈ ಮಾದರಿಗೆ ಸರಿಯಾಗಿ ಹೊಂದುತ್ತದೆ. ಅಲ್ಲಿ ಬಲ್ಲವನು ಮಾರುವವನು. ಅಫಜಲಪುರದ ಪೇಟಿಯಲ್ಲಿ ಸ್ಥಿತಿ ತಿರುವುಮುರುವು: ಬಲ್ಲವನು ಕೊಳ್ಳುವವನು, ಏನೂ ಅರಿಯದವಳು ಮಾರುವವಳು. ನಮ್ಮ ಹಳ್ಳಿಗಳಿಂದ ಹೊರಟುಹೋಗುತ್ತಿರುವ ಹಿತ್ತಾಳೆ ಪಾತ್ರೆ, ಕೆತ್ತನೆಯ ಕಂಬ, ತೊಲೆಬಾಗಿಲುಗಳ ಕಥೆಯೂ ಬಹುಮಟ್ಟಿಗೆ ಇದೇ. ದಿಕ್ಕು ಬೇರೆಯಾದರೂ ರೋಗ ಒಂದೇ. ಆದ್ದರಿಂದ ಮದ್ದೂ ಒಂದೇ ಆಗಬಲ್ಲದು. ವಸ್ತುವಿನ ಒಳಗಿನ ಸತ್ಯ ಕಾಗದದ ಮೇಲೆ ಬಂದು ಇಬ್ಬರ ಕಣ್ಣಿಗೂ ಕಾಣಬೇಕು.

ಕಾನೂನು ಇದಕ್ಕೆ ಸಾಲದೇ ಎಂದು ಕೇಳಬಹುದು. ಸಾಲದು. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಮೂಲ ತತ್ವ, ಕೊಳ್ಳುವವನೇ ಎಚ್ಚರಿಕೆಯಿಂದಿರಬೇಕು ಎಂಬುದು. ಅದಕ್ಕೆ ಅಪವಾದಗಳಿವೆ, ಆದರೆ ಮನೆಯ ಹಳೆಯ ವಸ್ತುವೊಂದನ್ನು ಒಬ್ಬರು ಇನ್ನೊಬ್ಬರಿಗೆ ಮಾರುವ ಸಂದರ್ಭಕ್ಕೆ ಅವು ಒದಗುವುದು ಕಡಿಮೆ. 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಸ್ವಾರಸ್ಯಕರ ನಿದರ್ಶನವಿದೆ. ಒಬ್ಬನು ತನ್ನ ರೋಗಿಷ್ಠ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ಬಗ್ಗೆ ಬಾಯಿ ಬಿಡುವುದಿಲ್ಲ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ, ಹೇಳುವುದು ಅವನ ಕರ್ತವ್ಯ. ‘ನೀನು ಅಲ್ಲಗಳೆಯದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ. ಮೌನ ಯಾವಾಗ ತಪ್ಪು, ಯಾವಾಗ ಅಲ್ಲ ಎಂಬುದನ್ನು ಈ ನಿದರ್ಶನಗಳು ಸ್ಪಷ್ಟಪಡಿಸುತ್ತವೆ. ಸೇವಾವಧಿಯಲ್ಲಿ ಹಲವು ಬಾರಿ ಇವನ್ನು ಓದಿದ್ದೇನೆ. ಅಂದು ಆ ಅಂಗಳದಲ್ಲಿ ಸುಮ್ಮನಿದ್ದ ವ್ಯಾಪಾರಿಯನ್ನು ಕಾನೂನು ಹಿಡಿಯಲಾರದು. ಹಿಡಿಯಬೇಕೆಂದು ನಾನೂ ಹೇಳುತ್ತಿಲ್ಲ. ಕಾನೂನು ಮುಟ್ಟಲಾಗದ ಕಡೆ ರೂಢಿ ಕೆಲಸ ಮಾಡಬೇಕು.

ಇಂಥ ರೂಢಿ ಆ ಸೀಮೆಗೆ ಹೊಸದೇನಲ್ಲ. ಕಲಬುರಗಿ ತೊಗರಿಯ ಕಣಜ. ಅಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ರೈತ ಮಾರುಕಟ್ಟೆಗೆ ತಂದ ತೊಗರಿಯನ್ನು ಕೈಯಲ್ಲಿ ಹಿಡಿದು, ಹಲ್ಲಲ್ಲಿ ಕಡಿದು ಬೆಲೆ ಕಟ್ಟುತ್ತಿದ್ದ ಕಾಲವಿತ್ತು. ತೇವಾಂಶ ಅಳೆಯುವ ಯಂತ್ರ ಬಂತು. 2014ರಲ್ಲಿ ಕರ್ನಾಟಕ ಆರಂಭಿಸಿದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯ ಆಶಯಗಳಲ್ಲಿ, ಸರಕಿನ ಗುಣವನ್ನು ಮೊದಲು ಪರೀಕ್ಷಿಸಿ, ಅದನ್ನು ಎಲ್ಲ ಖರೀದಿದಾರರಿಗೂ ತಿಳಿಸಿ ಆಮೇಲೆ ಬೆಲೆ ಕೂಗಿಸಬೇಕೆಂಬುದೂ ಒಂದು. ಒಂದು ಚೀಲ ತೊಗರಿಗೆ ಇರಬೇಕಾದ ಈ ಮರ್ಯಾದೆ ಒಂದು ಜೀವಮಾನದ ವಾದ್ಯಕ್ಕೆ ಬೇಡವೇ?

ವಾದ್ಯದ ವಿಷಯದಲ್ಲಿ ಬರೆದಿಡಬೇಕಾದ್ದಾದರೂ ಏನು? ಪೇಟಿಯ ಒಳಗೆ ಪ್ರತಿ ಪಟ್ಟಿಗೂ ಒಂದೋ ಎರಡೋ ಮೂರೋ ರೀಡುಗಳಿರುತ್ತವೆ. ಹಿತ್ತಾಳೆಯ ಚೌಕಟ್ಟಿಗೆ ಒಂದು ತುದಿಯಲ್ಲಿ ಬಿಗಿದ ತೆಳುವಾದ ಹಿತ್ತಾಳೆಯ ನಾಲಗೆಯೇ ರೀಡು. ತಿದಿಯ ಗಾಳಿ ಹಾದುಹೋಗುವಾಗ ಅದು ಕಂಪಿಸಿ ಸ್ವರ ಹೊರಡುತ್ತದೆ. ಸ್ವರ ತಪ್ಪಿದರೆ ಕಾನಸಿನಿಂದ ಕೆರೆದು ಸರಿಪಡಿಸುತ್ತಾರೆ. ನಾಲಗೆಯ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಕೆರೆದ ಲೋಹ ಮರಳಿ ಬರುವುದಿಲ್ಲ. ಪ್ರತಿ ಶ್ರುತಿ ತಿದ್ದುಪಡಿಯೂ ರೀಡಿನ ಆಯುಷ್ಯದಿಂದ ಸ್ವಲ್ಪ ಕಳೆಯುತ್ತದೆ. ಹತ್ತು ಸಲ ಕೆರೆದ ರೀಡೂ ಎರಡು ಸಲ ಕೆರೆದ ರೀಡೂ ಮಾರುವ ದಿನ ಒಂದೇ ಸ್ವರ ನುಡಿಯಬಹುದು. ಐದು ವರ್ಷದ ನಂತರ ನುಡಿಯಲಾರವು. ಹೊಳಪು ಬಳಿದ ಮರವನ್ನು ನೋಡಿ ಕೊಳ್ಳುವವನಿಗೆ ಇದು ಹೇಗೆ ಗೊತ್ತಾಗಬೇಕು?

ಸಿಂಥಸೈಜರ್‌ನ ಒಳಗುಟ್ಟೂ ಇದಕ್ಕಿಂತ ಬಹಳ ಬೇರೆಯಲ್ಲ. ಗಾಳಿಯ ಬದಲು ಅಲ್ಲಿ ವಿದ್ಯುತ್ತು. ಅಂಥ ವಾದ್ಯಗಳಲ್ಲಿ ಸ್ವರದ ಏರಿಳಿತ ನಿರ್ಧಾರವಾಗುವುದು ವೋಲ್ಟೇಜಿನಿಂದ. ಬಿಡಿಭಾಗ ಬಿಸಿಯೇರಿದರೆ ಸ್ವರ ಸರಿಯುತ್ತದೆ. ವರ್ಷಗಳು ಕಳೆದಂತೆ ಕೆಪಾಸಿಟರ್‌ಗಳು ಒಣಗುತ್ತವೆ. ಸ್ವರವಿನ್ಯಾಸಗಳನ್ನು ನೆನಪಿಡಲೆಂದು ಒಳಗೆ ಇಟ್ಟಿದ್ದ ಪುಟ್ಟ ಬ್ಯಾಟರಿ ಸೋರಿ ಫಲಕದ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನನ್ನ ಅಳಿಯನ ವಾದ್ಯಕ್ಕೆ ಆಗಿದ್ದು ಅದೇ. ಅವನು ಆ ಗೆರೆಗಳನ್ನು ತಂತಿಯಿಂದ ಮತ್ತೆ ಜೋಡಿಸಿದ. ಜಪಾನಿನ 100 ವೋಲ್ಟಿಗೆಂದು ಮಾಡಿದ್ದ ಟ್ರಾನ್ಸ್‌ಫಾರ್ಮರ್ ತೆಗೆದು ನಮ್ಮ 230 ವೋಲ್ಟಿನದನ್ನು ಕೂರಿಸಿದ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೊಂದು ಸಂಪರ್ಕಿಸಲು 1983ರಲ್ಲಿ ಬಂದ ‘ಮಿಡಿ’ ಪದ್ಧತಿ ಆ ವಾದ್ಯ ಹುಟ್ಟಿದಾಗ ಇರಲಿಲ್ಲ. ಅದಕ್ಕೆ ಬೇಕಾದ ಒಂದು ಫಲಕವನ್ನೂ ಸೇರಿಸಿದ. ತೆಗೆದ ಹಳೆಯ ಭಾಗಗಳನ್ನೆಲ್ಲ ಒಂದು ಡಬ್ಬಿಯಲ್ಲಿಟ್ಟು ವಾದ್ಯದ ಜೊತೆಗೇ ಕೊಟ್ಟ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಹಳೆಯ ವಾದ್ಯಕ್ಕೆ ಹೊಸ ಸೌಲಭ್ಯ ಸೇರಿಸುವುದು ಸರಿಯೇ? ಪೇಟಿಯಲ್ಲೂ ಇದು ನಡೆಯುತ್ತದೆ. ಪಟ್ಟಿಗಳ ಸಾಲನ್ನೇ ಜರುಗಿಸಿ ಗಾಯಕನ ಶ್ರುತಿಗೆ ಹೊಂದಿಸಿಕೊಳ್ಳುವ ಸ್ಕೇಲ್ ಚೇಂಜರ್, ಒಂದು ಪಟ್ಟಿ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಸ್ವರವೂ ನುಡಿಯುವಂತೆ ಮಾಡುವ ಕಪ್ಲರ್ ಮುಂತಾದವುಗಳನ್ನು ಹಾಕಿಸುತ್ತಾರೆ. ಮೂಲ ಸ್ಥಿತಿಯನ್ನು ಕೆಡಿಸಬಾರದೆನ್ನುವ ಸಂರಕ್ಷಣಾವಾದಿಗಳ ಮಾತಿನಲ್ಲಿ ಹುರುಳಿದೆ. ಆದರೆ ಹಾರ್ಮೋನಿಯಂನ ಚರಿತ್ರೆಯೇ ಬದಲಾವಣೆಗಳ ಚರಿತ್ರೆ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಹಕ್ಕುಪತ್ರ ಪಡೆದದ್ದು ಕುರ್ಚಿಯಲ್ಲಿ ಕುಳಿತು ಕಾಲಿನಿಂದ ತಿದಿ ಒತ್ತುವ ವಾದ್ಯಕ್ಕೆ. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿ ಹಾಕುವ ಪೆಟ್ಟಿಗೆಯಾಗಿ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಆ ಬದಲಾವಣೆ ಆಗದಿದ್ದರೆ ಅದು ನಮ್ಮ ಭಜನೆಯ ಪಡಸಾಲೆಗೆ ಬರುತ್ತಲೇ ಇರಲಿಲ್ಲ. ಎಲೆಕ್ಟ್ರಾನಿಕ್ಸ್‌ಗೂ ನಮ್ಮ ಸಂಗೀತ ಬಾಗಿಲು ಮುಚ್ಚಿಲ್ಲ. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ, ಸ್ವತಃ ಕೊಳಲು ನುಡಿಸುವ ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಂದು ಕಛೇರಿಗಳಲ್ಲಿ ಸಾಮಾನ್ಯ ನೋಟ.

ಆದ್ದರಿಂದ ನನ್ನ ನಿಲುವು ಇಷ್ಟು. ವಾದ್ಯವಿರುವುದು ನುಡಿಸಲು. ನುಡಿಸಲು ನೆರವಾಗುವ ಬದಲಾವಣೆ ತಪ್ಪಲ್ಲ. ಆದರೆ ಅದು ಸಾಧ್ಯವಾದಷ್ಟೂ ಹಿಂದೆಗೆಯಲು ಬರುವಂತಿರಬೇಕು, ತೆಗೆದ ಭಾಗವನ್ನು ಎಸೆಯಬಾರದು, ಮಾಡಿದ್ದನ್ನು ಮುಚ್ಚಿಡಬಾರದು. ಬದಲಿಸಿ ಮೂಲವೆಂದು ಮಾರುವುದು ತಪ್ಪು. ಬದಲಿಸಿ, ಬದಲಿಸಿದ್ದೇನೆಂದು ಹೇಳಿ ಮಾರುವುದು ಗೌರವದ ವ್ಯಾಪಾರ.

‘ಇಷ್ಟೆಲ್ಲ ಬರೆದುಕೊಟ್ಟರೆ ಬೆಲೆ ಬೀಳುವುದಿಲ್ಲವೇ?’ ಎಂಬ ಆಕ್ಷೇಪ ಸಹಜ. ಬೀಳಬಹುದು. ಅಳಿಯನ ಬರಹ ಓದಿದ ಮೊದಲ ಇಬ್ಬರು ಮತ್ತೆ ಬರಲಿಲ್ಲ. ಮೂರನೆಯವರು ಕೊಂಡರು, ಅದೂ ಅವನು ನಿರೀಕ್ಷಿಸಿದ್ದಕ್ಕಿಂತ ಕಡಿಮೆಗೆ. ಪ್ರಾಮಾಣಿಕತೆಗೆ ತಕ್ಷಣ ಲಾಭವಿದೆ ಎಂದು ಹೇಳಿ ಓದುಗರನ್ನು ಮರುಳುಮಾಡಲಾರೆ. ಆದರೆ ಆರು ತಿಂಗಳ ನಂತರ ಆ ಮೂರನೆಯವರೇ ತಮ್ಮ ಪರಿಚಯದವರ ಕೆಟ್ಟ ವಾದ್ಯವೊಂದನ್ನು ದುರಸ್ತಿಗೆಂದು ಅವನ ಬಳಿಗೆ ಕಳುಹಿಸಿದರು. ನಂಬಿಕೆ ಗಳಿಸುವುದು ನಿಧಾನ. ಅದನ್ನು ಒಬ್ಬೊಬ್ಬರೇ ಗಳಿಸುವುದು ಕಷ್ಟವೆಂದೇ ಊರು, ಪೇಟೆ, ಸಂಘಗಳು ಕೂಡಿ ರೂಢಿ ಮಾಡಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಅಗ್ಗದ ಡಿಜಿಟಲ್ ಕೀಬೋರ್ಡ್ ಎಲ್ಲೆಡೆ ಸಿಗುತ್ತಿರುವಾಗ ಹಳೆಯ ಪೇಟಿಯ ಬಗ್ಗೆ ಈ ಹಳಹಳಿಕೆ ಏಕೆ? ಜಾತ್ರೆಯ ನಾಟಕಕ್ಕೆ ಕೀಬೋರ್ಡ್ ಬಂದಿದೆ, ಬರಲಿ. ಆದರೆ ಇಂದು ಬೇಡವೆನಿಸಿದ್ದು ನಾಳೆಯೂ ಬೇಡವಾಗಿರುತ್ತದೆ ಎಂದು ತೀರ್ಮಾನಿಸಲು ಮಾರುಕಟ್ಟೆಯೇ ಒಪ್ಪುವುದಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, 1971ರಲ್ಲಿ ಆ ನಿಷೇಧ ಸಡಿಲವಾಯಿತು. ಸಿಂಥಸೈಜರ್ ಲೋಕದಲ್ಲೂ ಇಂಥದೊಂದು ಪ್ರಸಂಗವಿದೆ. 1980ರ ದಶಕದ ಆರಂಭದಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ತಂದ ಟಿಬಿ-303 ಎಂಬ ಸಣ್ಣ ಯಂತ್ರ ವಾಣಿಜ್ಯದಲ್ಲಿ ಸೋತಿತು. 1984ರ ಹೊತ್ತಿಗೆ ಅದರ ತಯಾರಿಕೆಯೂ ನಿಂತಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಅದನ್ನೇ ಕೊಂಡು ಅಮೆರಿಕದ ಶಿಕಾಗೋ ನಗರದ ತರುಣರು ಹೊಸದೊಂದು ನೃತ್ಯಸಂಗೀತವನ್ನೇ ಹುಟ್ಟಿಸಿದರು. ಮುಂಬೈನ ವಾದಕ ಚರಣ್‌ಜಿತ್ ಸಿಂಗ್ ಅದೇ ಯಂತ್ರ ಬಳಸಿ, ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ 1982ರಲ್ಲೇ ಒಂದು ಧ್ವನಿಮುದ್ರಿಕೆ ತಂದಿದ್ದರು. ಅಂದು ಕೇಳುವವರು ವಿರಳ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತು ಬೆರಗಾಗಿ ಕೇಳಿತು. ಅಂದು ಅಗ್ಗಕ್ಕೆ ಬಿಕರಿಯಾದ ಟಿಬಿ-303 ಯಂತ್ರಗಳಿಗೆ ಈಗ ಸಂಗ್ರಾಹಕರು ದುಬಾರಿ ಬೆಲೆ ತೆರುತ್ತಾರೆ. ಬೆಲೆ ಎಂಬುದು ಆ ದಿನದ ತಿಳಿವಳಿಕೆಯ ಅಳತೆ ಮಾತ್ರ.

ಈಗ ಮಾಡಬೇಕಾದ ಕೆಲಸಗಳಿಗೆ ಬರೋಣ. ಮೊದಲನೆಯದಕ್ಕೆ ಸರ್ಕಾರ ಬೇಕಿಲ್ಲ. ಪೇಟಿ ದುರಸ್ತಿ ಮಾಡುವವರು ಪ್ರತಿ ವಾದ್ಯಕ್ಕೂ ಕನ್ನಡದಲ್ಲಿ ಒಂದು ಪುಟದ ದುರಸ್ತಿ ಪತ್ರ ಕೊಡುವ ರೂಢಿ ಆರಂಭವಾಗಬೇಕು. ರೀಡುಗಳ ಮೇಲಿನ ಗುರುತು, ಅವು ಎಷ್ಟು, ಎಷ್ಟನ್ನು ಬದಲಿಸಲಾಗಿದೆ, ಯಾವ ಶ್ರುತಿಗೆ ಕೂರಿಸಲಾಗಿದೆ, ತಿದಿಯ ಚರ್ಮ ಹೊಸದೋ ಹಳೆಯದೋ, ಹೊಸದಾಗಿ ಸೇರಿಸಿದ್ದೇನು, ಉಳಿದ ದೋಷವೇನು ಎಂಬಷ್ಟು ಇದ್ದರೆ ಸಾಕು. ಯಾರಿಂದ ಬಂದ ವಾದ್ಯವೆಂಬ ಒಂದು ಸಾಲೂ ಇರಲಿ. ಮೂರು ತಾಲ್ಲೂಕುಗಳ ಭಜನಾ ಮಂಡಳಿಗಳೂ ನಾಟಕ ಸಂಘಗಳೂ ಈ ಪತ್ರವಿಲ್ಲದೆ ಹಳೆಯ ವಾದ್ಯ ಕೊಳ್ಳುವುದಿಲ್ಲ, ಮಾರುವುದಿಲ್ಲ ಎಂದು ನಿಶ್ಚಯಿಸಿದರೆ ಎರಡು ವರ್ಷದಲ್ಲಿ ರೂಢಿ ನೆಲೆಯೂರುತ್ತದೆ.

ಎರಡನೆಯದು ಸರ್ಕಾರದ ಕೆಲಸ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಕಲಾವಿದರಿಗೂ ಸಂಘಗಳಿಗೂ ವಾದ್ಯ ಪರಿಕರ ಖರೀದಿಗೆ ಧನಸಹಾಯ ನೀಡುತ್ತಾ ಬಂದಿದೆ. ಹೊಸ ವಾದ್ಯ ಕೊಳ್ಳಲು ನೆರವು ಸಿಗುವಷ್ಟೇ ಸುಲಭವಾಗಿ, ಇರುವ ಹಳೆಯ ವಾದ್ಯವನ್ನು ದುರಸ್ತಿ ಮಾಡಿಸಲೂ ನೆರವು ಸಿಗುವಂತಿರಬೇಕು. ಹೊಸದರ ರಸೀದಿ ತೋರಿಸುವುದು ಸುಲಭ, ದುರಸ್ತಿಯ ಲೆಕ್ಕ ತೋರಿಸುವುದು ಕಷ್ಟ ಎಂಬ ಆಡಳಿತಗಾರರ ಅಳುಕು ನನಗೆ ಗೊತ್ತು. ಮೇಲೆ ಹೇಳಿದ ದುರಸ್ತಿ ಪತ್ರವೇ ಆ ಲೆಕ್ಕವಾಗಬಲ್ಲದು. ಸಂವಿಧಾನದ 371(ಜೆ) ವಿಧಿಯ ಬಲದಿಂದ 2013ರಲ್ಲಿ ಸ್ಥಾಪನೆಯಾಗಿ, 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಪಡೆದ ಪ್ರದೇಶಾಭಿವೃದ್ಧಿ ಮಂಡಳಿಯು ಕಲಬುರಗಿಯಲ್ಲೇ ಇದೆ. ರಸ್ತೆ, ಕಟ್ಟಡಗಳ ಜೊತೆಗೆ ಒಂದು ವಾದ್ಯ ದುರಸ್ತಿ ತರಬೇತಿ ಕೇಂದ್ರಕ್ಕೆ ಅದು ಮನಸ್ಸು ಮಾಡುವುದು ದೊಡ್ಡ ಮಾತಲ್ಲ.

ಮೂರನೆಯದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದು. ಕುಶಲಕರ್ಮಿಗಳಿಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು 18 ಕಸುಬುಗಳನ್ನು ಗುರುತಿಸಿತು. ಬಡಗಿ, ಕಮ್ಮಾರ, ಕುಂಬಾರ, ಚಮ್ಮಾರ, ಬೊಂಬೆ ಮಾಡುವವರು, ಬೀಗ ಮಾಡುವವರು ಅದರಲ್ಲಿದ್ದರು. ವಾದ್ಯ ತಯಾರಿಸುವವರ, ದುರಸ್ತಿ ಮಾಡುವವರ ಹೆಸರಿರಲಿಲ್ಲ. ಪೇಟಿ ದುರಸ್ತಿಗಾರನು ಮರ, ಚರ್ಮ, ಲೋಹ ಮೂರನ್ನೂ ಬಲ್ಲವನು, ಜೊತೆಗೆ ಸ್ವರವನ್ನೂ ಬಲ್ಲವನು. ಅವನ ಕಸುಬಿಗೆ ಆ ಪಟ್ಟಿಯಲ್ಲಿ ಸ್ಥಾನ ದೊರಕಿಸಲು ನಮ್ಮ ಸಂಸದರು ಪ್ರಯತ್ನಿಸಬೇಕು. ಮೀರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಕುಶಲಿಗಳು ಒಂದೆಡೆ ನೆಲೆನಿಂತು, ತಮ್ಮ ಕೆಲಸಕ್ಕೆ ಹೆಸರು ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಇರುವ ಉದಾಹರಣೆ ಅದು.

ಮಾರಲು ಹೊರಟ ಕುಟುಂಬಗಳಿಗೆ ಎರಡು ಕಿವಿಮಾತು. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರಬಹುದು. ಅಂಥವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಕೆಲವು ಹಳೆಯ ವಿಲಾಯತಿ ವಾದ್ಯಗಳ ಪಟ್ಟಿಗಳಿಗೆ ದಂತದ ಹೊದಿಕೆ ಇರುತ್ತಿತ್ತು. ದಂತದ ವ್ಯಾಪಾರವನ್ನು ವನ್ಯಜೀವಿ ಕಾನೂನು ನಿಷೇಧಿಸುತ್ತದೆ. ಇವನ್ನು ತಿಳಿದವರಿಗೆ ತೋರಿಸದೆ ಅವಸರದಲ್ಲಿ ಕೊಟ್ಟರೆ ಹಣವೂ ಹೋದೀತು, ತೊಂದರೆಯೂ ಬಂದೀತು. ಯಾವುದಕ್ಕೂ ಮೊದಲು, ನುಡಿಸಬಲ್ಲ ಒಬ್ಬರಿಗೆ ಮುಚ್ಚಳ ತೆಗೆದು ತೋರಿಸಿ.

ಕಳೆದ ಚಳಿಗಾಲದಲ್ಲಿ ಆ ಹಳ್ಳಿಗೆ ಮತ್ತೆ ಹೋಗಿದ್ದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಮನೆಯ ಒಂದು ಗೋಡೆ ಕುಸಿದಿತ್ತು, ಅದನ್ನು ಕಟ್ಟಿಸಿದ್ದರು. ಸೊಲ್ಲಾಪುರದಲ್ಲಿ ತಿಳಿದದ್ದನ್ನು ಹೇಳಿ, ನನ್ನ ಸಲಹೆ ತಪ್ಪಾಗಿತ್ತೆಂದು ಒಪ್ಪಿಕೊಂಡೆ. ಮಾಸ್ತರರ ಹೆಂಡತಿ ಹಣದ ಮಾತೆತ್ತಲಿಲ್ಲ. ‘ಹೋಗ್ಲಿ ಬಿಡ್ರಿ ಸಾಹೇಬ್ರ. ಅದನ್ನ ಈಗ ಯಾರರೆ ನುಡಸ್ತಾರೋ, ಇಲ್ಲೋ?’ ಎಂದಷ್ಟೇ ಕೇಳಿದರು.

ರೀಡುಗಳು ಬೇರೆ ಪೆಟ್ಟಿಗೆ ಸೇರಿ ಎಲ್ಲೋ ನುಡಿಯುತ್ತಿರಬಹುದು, ಮರ ಯಾವುದೋ ಹೋಟೆಲಿನ ಪಡಸಾಲೆಯಲ್ಲಿ ಹೂಕುಂಡ ಹೊತ್ತು ನಿಂತಿರಬಹುದು. ಮಾಸ್ತರರ ಹೆಸರು ಮಾತ್ರ ಎರಡರ ಜೊತೆಗೂ ಹೋಗಿಲ್ಲ. ಅದನ್ನು ಬರೆದುಕೊಡುವವರು ಅಂದು ಯಾರೂ ಇರಲಿಲ್ಲ. ಅಕ್ಷರ ಬಲ್ಲವನಾಗಿ ಅಲ್ಲಿ ಕುಳಿತಿದ್ದವನು ನಾನೊಬ್ಬನೇ.